ತಾಳಿಕೊಳ್ಳಿ ಎಂದು ಯಾರಿಗೆ ಹೇಳುವುದು?

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿಯಲ್ಲಿ ಪುಣಜನೂರು ದಾಟಿದರೆ ಮುಂದೆ ಕಾಡೇ ಕಾಡು. ಡಿಸೆಂಬರ್‌ನಲ್ಲಿ ಇಲ್ಲಿನ ತನಿಖಾ ಠಾಣೆಯ ಮುಂದೆ ನಿಲ್ಲುವ ವಾಹನಗಳಲ್ಲಿ ಮಾಲೆ ಹಾಕಿದ ಅಯ್ಯಪ್ಪ ಭಕ್ತರೂ ಇರುತ್ತಾರೆ. ಅವರದು ನಲವತ್ತೊಂದು ದಿನದ ವ್ರತ. ಅದೇ ದಿನಗಳಲ್ಲಿ ನಾವು ಕ್ರೈಸ್ತರು ಆಗಮನ ಕಾಲದಲ್ಲಿರುತ್ತೇವೆ. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರ, ವಾರಕ್ಕೊಂದರಂತೆ ಹಚ್ಚುವ ನಾಲ್ಕು ಮೇಣದ ಬತ್ತಿ, ಗುರುಗಳ ಮೈಮೇಲೆ ನೇರಳೆ ಉಡುಪು. ಅವರೂ ಕಾಯುತ್ತಾರೆ, ನಾವೂ ಕಾಯುತ್ತೇವೆ.

ಕಾಯುವುದನ್ನು ಇಷ್ಟು ಚೆನ್ನಾಗಿ ಕಲಿಸುವ ಧರ್ಮ, ಕಾಯಬೇಕಿಲ್ಲದ್ದಕ್ಕೂ ಜನರನ್ನು ಕಾಯಿಸಿಬಿಡುತ್ತದೆಯೇ? ಗೋದಲಿ ಕಟ್ಟಲು ಹುಲ್ಲು ಹೊಂದಿಸುವ ಹೊತ್ತಿನಲ್ಲೂ ಈ ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

2025ರ ಡಿಸೆಂಬರ್ 14 ಆಗಮನ ಕಾಲದ ಮೂರನೇ ಭಾನುವಾರ. ಅಂದಿನ ಬಲಿಪೂಜೆಯ ಎರಡನೇ ವಾಚನ ಯಕೋಬನ ಪತ್ರದ ಐದನೇ ಅಧ್ಯಾಯದ್ದು. ರೈತ ಮುಂಗಾರು, ಹಿಂಗಾರು ಎರಡಕ್ಕೂ ಕಾಯುವ ಹಾಗೆ ಪ್ರಭುವಿನ ಬರವಿಗೆ ತಾಳಿಕೊಂಡಿರಬೇಕು ಎನ್ನುತ್ತದೆ ಅದು. ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಏಪ್ರಿಲ್–ಮೇ ತಿಂಗಳ ಮಳೆ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರ್ ಮಳೆ ಇನ್ನೊಮ್ಮೆ. ಚಾಮರಾಜನಗರ, ಗುಂಡ್ಲುಪೇಟೆಯ ಖುಷ್ಕಿ ಬೇಸಾಯ ನಿಂತಿರುವುದೇ ಇವೆರಡರ ಮೇಲೆ.

ಆದರೆ ಆ ವಾಚನ ಶುರುವಾಗುವುದು ಏಳನೇ ವಚನದಿಂದ. ನಾಲ್ಕನೆಯದು ಹೊರಗೇ ಉಳಿಯುತ್ತದೆ. ಹೊಲ ಕೊಯ್ದ ಆಳುಗಳಿಗೆ ಕೊಡದೆ ಹಿಡಿದಿಟ್ಟುಕೊಂಡ ಕೂಲಿಯೇ ಕೂಗುತ್ತಿದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ ಎಂದು ಯಕೋಬ ಅಲ್ಲಿ ಸಿರಿವಂತರನ್ನು ಗದರುತ್ತಾನೆ. ಧರ್ಮಸಭೆ ಆ ಭಾಗವನ್ನು ಕೈಬಿಟ್ಟಿಲ್ಲ, ನಿಜ. ಮೂರು ವರ್ಷಕ್ಕೊಮ್ಮೆ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಅದೂ ಓದಿಗೆ ಬರುತ್ತದೆ. ಕ್ರಿಸ್ಮಸ್ ಎದುರಿಗಿರುವಾಗ ಮಾತ್ರ ನಮ್ಮ ಕಿವಿಗೆ ಬೀಳುವುದು ಬರೀ ತಾಳ್ಮೆ. ಯಕೋಬ ಮೊದಲು ಕೂಲಿ ತಡೆದವನನ್ನು ಬೈದು, ಆಮೇಲೆ ಕೂಲಿ ಕಳೆದುಕೊಂಡವನಿಗೆ ಸಮಾಧಾನ ಹೇಳಿದ. ಬೈದದ್ದನ್ನು ಬಿಟ್ಟು ಸಮಾಧಾನವನ್ನಷ್ಟೇ ಓದಿದರೆ ಅದು ಯಾರ ಪರವಾಗಿ ನಿಲ್ಲುತ್ತದೆ?

ಸೋಲಿಗ ಆದಿವಾಸಿಗಳ ಹಾಡಿಗಳಾದ ಪೋಡುಗಳಿಂದ ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋಗಿಬರುವವರಿಗೆ ಮಳೆಗೆ ಕಾಯುವುದಕ್ಕೂ ಕೂಲಿಗೆ ಕಾಯುವುದಕ್ಕೂ ಇರುವ ವ್ಯತ್ಯಾಸ ಗೊತ್ತು. ಮಳೆ ತಡವಾದರೆ ದೂರಲು ಯಾರೂ ಇಲ್ಲ. ಕೂಲಿ ತಡವಾದರೆ ತಡೆದವನು ಒಬ್ಬನಿರುತ್ತಾನೆ, ಅವನಿಗೊಂದು ಹೆಸರಿರುತ್ತದೆ. ಎರಡಕ್ಕೂ ಒಂದೇ ತಾಳ್ಮೆಯನ್ನು ಬೋಧಿಸಿದರೆ ದೇವರ ಹೆಸರಿನಲ್ಲಿ ಅವನನ್ನು ಮರೆಮಾಡಿದಂತಾಗುತ್ತದೆ. 1963ರಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಮಾರ್ಟಿನ್ ಲೂಥರ್ ಕಿಂಗ್ ಬರೆದ ಪತ್ರ ಇಂಥ ಬೋಧನೆಗೇ ಕೊಟ್ಟ ಉತ್ತರ. ಇನ್ನಷ್ಟು ಕಾಯಿರಿ ಎಂದು ಕಪ್ಪು ಜನರಿಗೆ ಹೇಳಿದ್ದ ಎಂಟು ಮಂದಿ ಬಿಳಿಯರೂ ಧರ್ಮಗುರುಗಳೇ.

ಸುಮ್ಮನೆ ಕಾಯದೆ ಎದ್ದು ಕೇಳಿದವರು ನಮ್ಮ ಸೀಮೆಯಲ್ಲೂ ಇದ್ದಾರೆ. ಬಿಳಿಗಿರಿರಂಗನ ಬೆಟ್ಟದ ಕಾಡು 1974ರಲ್ಲಿ ಅಭಯಾರಣ್ಯವಾಯಿತು. ಸೋಲಿಗರ ಕಾಡುಬೇಸಾಯ ನಿಂತಿತು. ಮುಂದೆ ಜೇನು, ನೆಲ್ಲಿ ತರುವುದಕ್ಕೂ ತಡೆ ಬಂತು. ಅರಣ್ಯ ಹಕ್ಕು ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿದ್ದು 2006ರ ಡಿಸೆಂಬರ್‌ನಲ್ಲಿ. ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ 2011ರಲ್ಲೇ ಸೋಲಿಗರ ಹಲವು ಗ್ರಾಮಸಭೆಗಳಿಗೆ ಸಮುದಾಯ ಹಕ್ಕೂ ಸಿಕ್ಕಿತು. ಸುಮ್ಮನೆ ಕೂತಿದ್ದರೆ ಸಿಗುತ್ತಿತ್ತೇ? ಸಭೆ ಸೇರಿದರು, ತಮ್ಮ ದೇವರ ನೆಲೆಗಳನ್ನು ನಕ್ಷೆಯಲ್ಲಿ ಗುರುತಿಸಿದರು, ಅರ್ಜಿ ಹಾಕಿದರು. ತಮ್ಮ ದೇವರು ಜಡೆಸ್ವಾಮಿಗೆ ನಡೆದುಕೊಳ್ಳುವ ಈ ಜನರಿಂದ ಆಗಮನ ಕಾಲದ ಬಗ್ಗೆ ನಾನು ಕಲಿಯುವುದು ಬಹಳ ಇದೆ.

ಹಾಗೆಂದು ತಾಳ್ಮೆಯನ್ನೇ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮಗುವಿಗೆ, ಮಳೆಗೆ, ರೋಗಿಯ ಚೇತರಿಕೆಗೆ ಕಾಯಲಾರದವನ ಬದುಕು ಬಡವಾಗುತ್ತದೆ. ನಾನು ಕೇಳುವುದು ಕಾಯುವ ಬಗೆ ಎಂಥದ್ದು ಎಂದು. ಆಗಮನ ಕಾಲದ ಮೊದಲ ಭಾನುವಾರ ಓದಿದ ಮತ್ತಾಯನ ಶುಭಸಂದೇಶ, ಕಳ್ಳ ಬರುವ ಗಳಿಗೆ ತಿಳಿದಿದ್ದರೆ ಮನೆಯೊಡೆಯ ಎಚ್ಚರವಾಗಿರುತ್ತಿದ್ದ ಎನ್ನುತ್ತದೆ. ಪುಣಜನೂರಿನಂಥ ಕಾಡಂಚಿನ ಊರುಗಳಲ್ಲಿ ರಾಗಿ ತೆನೆ ಬಲಿತ ಮೇಲೆ ಅಟ್ಟಣೆ ಏರುವವರಿಗೆ ಈ ಎಚ್ಚರ ಗೊತ್ತಿದೆ. ಆನೆ ಯಾವ ಕಡೆಯಿಂದ ಬರುತ್ತದೋ, ಹಂದಿ ಎಲ್ಲಿ ನುಗ್ಗುತ್ತದೋ ತಿಳಿಯದು. ಟಾರ್ಚ್ ಬಿಡುತ್ತಾರೆ, ಕೂಗು ಹಾಕುತ್ತಾರೆ, ಪಕ್ಕದ ಹೊಲದ ಕೂಗಿಗೆ ಮರುಕೂಗು ಕೊಡುತ್ತಾರೆ, ಬೆಳಗಾಗುವವರೆಗೆ ಚಳಿಯಲ್ಲಿ ಕೂತಿರುತ್ತಾರೆ. ಕ್ರಿಸ್ತ ಹುಟ್ಟಿದ ಸುದ್ದಿ ಮೊದಲು ತಲುಪಿದ್ದೂ ರಾತ್ರಿ ಕಾವಲಿದ್ದ ಕುರಿಗಾಹಿಗಳಿಗೇ ಎಂದು ಲೂಕ ಬರೆಯುತ್ತಾನೆ. ಅವರು ಕಾಯುತ್ತಿದ್ದದ್ದು ಪವಾಡಕ್ಕಲ್ಲ, ಮಂದೆಯನ್ನು.

ಕ್ರಿಸ್ಮಸ್‌ಗೆ ಸಿದ್ಧವಾಗುವುದು ಎಂದರೆ ನಮ್ಮಲ್ಲಿ ಹಲವರಿಗೆ ನಕ್ಷತ್ರದ ದೀಪ, ಹೊಸ ಬಟ್ಟೆ, ಕೇಕು. ಅವು ಬೇಡವೆಂದು ನಾನು ಹೇಳುವುದಿಲ್ಲ. ಮಕ್ಕಳ ಸಂತೋಷ ದೊಡ್ಡದು. ಆದರೆ ಮೂರನೇ ಬತ್ತಿ ಹಚ್ಚುವ ಭಾನುವಾರ ಯಕೋಬನ ಆ ಅಧ್ಯಾಯವನ್ನು ಪ್ರಾರ್ಥನಾ ಕೂಟಗಳಲ್ಲಾದರೂ ಮೊದಲನೇ ವಚನದಿಂದ ಓದೋಣ. ಹೊಲ, ತೋಟ, ಅಂಗಡಿ ಇರುವ ನಮ್ಮವರು ಆ ವಾರ ಲೆಕ್ಕದ ಪುಸ್ತಕ ತೆಗೆದು ನೋಡಲಿ. ಕ್ಯಾರಲ್ ತಂಡ ಮನೆಗೆ ಬರುವ ಮುಂಚೆ ಆಳುಗಳ ಬಾಕಿ ಚುಕ್ತಾ ಆಗಿರಲಿ, ಮುಂಗಡದ ನೆಪ ಹೇಳಿ ಹಿಡಿದುಕೊಂಡದ್ದೂ ಸೇರಿ.