ಎದ್ದು ನಿಲ್ಲುವ ಮುನ್ನ

ಊರಿನ ಮನೆಗೆ ಬೀಗ ಹಾಕಿ, ಮಕ್ಕಳ ಆಸರೆಗೆಂದು ಈ ಮುಂಬಯಿಗೆ ಬಂದ ಹಿರಿಯರು ನಮ್ಮ ಅನೇಕ ಮನೆಗಳಲ್ಲಿದ್ದಾರೆ. ಕರೆಗಂಟೆ ಬಾರಿಸಿದೊಡನೆ ಅವರು ಕುರ್ಚಿಯಿಂದ ದಿಗ್ಗನೆದ್ದು, ಕಣ್ಣು ಕತ್ತಲಿಟ್ಟು, ಗೋಡೆ ಹಿಡಿದು ನಿಲ್ಲುತ್ತಾರೆ. ನಾವು ಅದನ್ನು ‘ನಿಶ್ಶಕ್ತಿ’ ಎಂದು ಕರೆದು ಟಾನಿಕ್ಕಿನ ಸೀಸೆಯೊಂದನ್ನು ತಂದಿಟ್ಟು ಸುಮ್ಮನಾಗುತ್ತೇವೆ. ನಾನೂ ನನ್ನ ತಂದೆಯವರಿಗೆ ಅಂತಹ ಸೀಸೆಗಳನ್ನು ತಂದಿಟ್ಟವನೇ. ಆ ಪದವೇ ನಮ್ಮನ್ನು ದಾರಿ ತಪ್ಪಿಸುತ್ತದೆಂಬುದು ಈಗ ನನ್ನ ಅಭಿಪ್ರಾಯ.

ಮನುಷ್ಯನು ಎದ್ದು ನಿಂತಾಗ ಅರ್ಧ ಲೀಟರಿಗೂ ಮಿಕ್ಕಿದ ರಕ್ತವು ಹೊಟ್ಟೆ, ಕಾಲುಗಳತ್ತ ಇಳಿಯುತ್ತದೆ. ಕೊರಳಿನ ಧಮನಿಯಲ್ಲಿಯೂ ಮಹಾಧಮನಿಯ ಕಮಾನಿನಲ್ಲಿಯೂ ಇರುವ ನರತುದಿಗಳು ಒತ್ತಡ ತಗ್ಗಿದ್ದನ್ನರಿತು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಹೃದಯಕ್ಕೆ ಸದಾ ಕಡಿವಾಣ ಹಾಕಿರುವ ವೇಗಸ್ ನರವು ಒಡನೆಯೇ ಹಿಡಿತ ಸಡಿಲಿಸುತ್ತದೆ. ತರುಣರಲ್ಲಿ ನಾಡಿಯು ಕೆಲವೇ ಸೆಕೆಂಡುಗಳಲ್ಲಿ 10-20 ಬಡಿತಗಳಷ್ಟು ಏರುತ್ತದೆ, ರಕ್ತನಾಳಗಳು ಬಿಗಿಯುತ್ತವೆ. ನಿಂತವನಿಗೆ ಏನೂ ತಿಳಿಯುವುದೇ ಇಲ್ಲ.

ವಯಸ್ಸಾದಂತೆ ಧಮನಿಯ ಗೋಡೆ ಪೆಡಸಾಗುತ್ತದೆ. ಹಿಗ್ಗದ ಗೋಡೆಯೊಳಗಿನ ನರತುದಿಗೆ ಒತ್ತಡದ ಏರಿಳಿತ ಸರಿಯಾಗಿ ಗೋಚರಿಸದು. ವೇಗಸ್ ನರದ ಹಿಡಿತವೇ ಮೊದಲಿನಷ್ಟಿರದುದರಿಂದ ಸಡಿಲಿಸಿ ದೊರಕುವ ವೇಗವೂ ಅಲ್ಪ. ಅಡ್ರಿನಲಿನ್ ಕರೆದರೂ ಹೃದಯ ಓಗೊಡುವುದು ಮಂದವಾಗಿ. ಹೀಗೆ ಒತ್ತಡ ಕುಸಿದರೂ ನಾಡಿ ಅಷ್ಟಾಗಿ ಏರದು. ‘ಅಪ್ಪನ ನಾಡಿ ಗಡಿಯಾರದಂತಿದೆ’ ಎಂದು ಹಿಗ್ಗುವವರು ಇದನ್ನು ನೆನೆಯಬೇಕು.

ಕುಳ್ಳಿರಿಸಿ ಒಂದು ಬಾರಿ ರಕ್ತದೊತ್ತಡ ನೋಡಿ ಮಾತ್ರೆ ಬರೆದುಕೊಡುವ ಪರಿಪಾಠ ಹಿರಿಯರಿಗೆ ಸಾಲದು. ಮೊದಲು ಮಲಗಿಸಿ, ಬಳಿಕ ನಿಲ್ಲಿಸಿ, 3 ನಿಮಿಷಗಳೊಳಗೆ ಮತ್ತೆ ಅಳೆಯಬೇಕು. ಮೇಲಿನ ಅಂಕಿ 20ರಷ್ಟೋ ಕೆಳಗಿನದು 10ರಷ್ಟೋ ಇಳಿದಿದ್ದರೆ ವೈದ್ಯರು ಚಿಕಿತ್ಸೆಯನ್ನು ಮರುಪರಿಶೀಲಿಸಬೇಕಾಗುತ್ತದೆ. ದೀರ್ಘಕಾಲದ ಮಧುಮೇಹ, ಮೂತ್ರ ಹೆಚ್ಚಿಸುವ ಗುಳಿಗೆ, ಪ್ರಾಸ್ಟೇಟಿನ ಕೆಲವು ಔಷಧಗಳು ಈ ಕುಸಿತವನ್ನು ಉಲ್ಬಣಿಸಬಲ್ಲವು. ಹಾಗೆಂದು ಗುಳಿಗೆಗಳನ್ನು ತಾವಾಗಿಯೇ ನಿಲ್ಲಿಸುವುದು ಇನ್ನೂ ದೊಡ್ಡ ಅವಿವೇಕ. ‘ನಿಲ್ಲಿಸಿ ಅಳೆಯಿರಿ’ ಎಂದು ವೈದ್ಯರನ್ನು ಕೇಳಲು ಸಂಕೋಚವೇಕೆ?

ಇನ್ನುಳಿದದ್ದು ನಮ್ಮ ಅವಸರ. ಲೋಕಲ್ ರೈಲಿನ ಗಡಿಬಿಡಿಯನ್ನು ಮನೆಯೊಳಕ್ಕೂ ತಂದು ‘ಬೇಗ ಏಳಿ’ ಎನ್ನುವ ನಾವು, ಅವರ ದೇಹಕ್ಕೆ ಆ ವೇಗ ಈಗ ಸಾಧ್ಯವಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ನಡುರಾತ್ರಿ ಬಚ್ಚಲಿಗೆ ಹೊರಟ ಹಿರಿಯರು ಹಾಸಿಗೆಯ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು, ಪಾದಗಳನ್ನು ಆಡಿಸಿ, ಆಮೇಲೆ ಏಳಲಿ. ಕರೆಗಂಟೆ ಬಾರಿಸಿದರೆ ಬಾಗಿಲನ್ನು ಕಿರಿಯರೇ ತೆರೆಯಲಿ.