ಬಾಡಿಗೆಯ ಕಾರು, ಗೀರಿನ ಹೊಣೆ



ಕಳೆದ ವೈಶಾಖದಲ್ಲಿ ನಮ್ಮ ಬಂಧುಗಳೊಬ್ಬರ ಮನೆಯ ಮದುವೆಗೆಂದು ಬೆಂಗಳೂರಿನಿಂದ ರಾಣೇಬೆನ್ನೂರಿನ ಆಚೆಯ ಒಂದು ಹಳ್ಳಿಗೆ ಹೋಗಬೇಕಾಗಿ ಬಂದಿತು. ನಮ್ಮ ತಂಗಿಯ ಮಗನಿಗೆ ಸ್ವಂತ ಕಾರಿಲ್ಲ; ಆದರೆ ಕಾರು ನಡೆಸುವುದರಲ್ಲಿ ಅವನು ನುರಿತವನು. ಚಾಲಕನಿಲ್ಲದೆ ಕಾರನ್ನಷ್ಟೇ ಬಾಡಿಗೆಗೆ ಕೊಡುವ ಸಂಸ್ಥೆಯೊಂದರಿಂದ ಮೂರು ದಿನಗಳ ಮಟ್ಟಿಗೆ ಕಾರೊಂದನ್ನು ಪಡೆದು, ತನ್ನ ತಾಯಿಯನ್ನೂ ನಮ್ಮನ್ನೂ ಕೂರಿಸಿಕೊಂಡು ಹೊರಟನು. ಮದುವೆ ಮುಗಿದು ಮರಳುವ ದಿನ ಊರಿನ ಇಕ್ಕಟ್ಟಾದ ಓಣಿಯಲ್ಲಿ ಟ್ರ್ಯಾಕ್ಟರೊಂದು ಎದುರಾಯಿತು. ಅದಕ್ಕೆ ದಾರಿ ಬಿಡಲೆಂದು ಹಿಂದಕ್ಕೆ ಸರಿಯುವಾಗ ಕಾರಿನ ಹಿಂಬದಿಯ ಬಂಪರು ಜಗಲಿಯ ಕಲ್ಲಿಗೆ ಉಜ್ಜಿತು. ಇಳಿದು ನೋಡಿದರೆ ಗೇಣುದ್ದದ ಗೀರು. ಬಣ್ಣ ಎದ್ದುಹೋಗಿ ಒಳಗಿನ ಕಪ್ಪು ಪ್ಲಾಸ್ಟಿಕ್ಕು ಕಾಣುತ್ತಿತ್ತು.

ಆಗ ನಮ್ಮ ಬಾಯಿಂದ ಹೊರಟ ಮಾತನ್ನು ಇಲ್ಲಿ ಮುಚ್ಚಿಡದೆ ಹೇಳುತ್ತೇವೆ. “ಧೂಳು ಮೆತ್ತಿಕೊಂಡಿದೆ, ಹೀಗೆಯೇ ಒಪ್ಪಿಸಿಬಿಡು. ಅವರು ಕೇಳಿದರೆ ಹೇಳೋಣ, ಕೇಳದಿದ್ದರೆ ನಮಗೇಕೆ?” ಎಂದೆವು. ನಾಲ್ಕು ದಶಕಗಳಿಂದ ಸಭೆಗಳಲ್ಲಿ ನಡೆನುಡಿಗಳ ಐಕ್ಯವನ್ನು ಕುರಿತು ಮಾತನಾಡುತ್ತ ಬಂದ ಬಾಯಿ ಅದು! ಹುಡುಗನು ನಮಗೆ ಎದುರಾಡಲಿಲ್ಲ. ಗೀರಿನ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು, ಅಲ್ಲಿಂದಲೇ ಸಂಸ್ಥೆಗೆ ದೂರವಾಣಿ ಮಾಡಿ, ಆದದ್ದನ್ನು ಆದಂತೆ ತಿಳಿಸಿದನು. ದಾರಿಯುದ್ದಕ್ಕೂ ನಾವು ಹೆಚ್ಚು ಮಾತನಾಡಲಿಲ್ಲ.

ಬೆಂಗಳೂರಿನಲ್ಲಿ ಕಾರನ್ನು ಒಪ್ಪಿಸಿದಾಗ ಸಂಸ್ಥೆಯ ನೌಕರನು ಸುತ್ತಲೂ ನೋಡಿ ಪಟ್ಟಿಯೊಂದನ್ನು ಬರೆದನು: ಬಂಪರಿನ ಗೀರು ಒಂದು, ಎಡ ಬಾಗಿಲಿನ ನೆಗ್ಗು ಒಂದು, ಚಕ್ರದ ಮುಚ್ಚಳದ ಒಡಕು ಒಂದು, ಒಟ್ಟು 14,600 ರೂಪಾಯಿ. ಅದನ್ನು ಠೇವಣಿಯಲ್ಲಿ ಮುರಿದುಕೊಂಡು ಉಳಿದ ಹಣವನ್ನಷ್ಟೇ ಹಿಂದಿರುಗಿಸಲಾಗುವುದೆಂದು ಹೇಳಿದನು. ನಮ್ಮ ತಂಗಿಯು, “ನಿಜ ಹೇಳಿದ್ದಕ್ಕೆ ಇದೇ ಏನು ಫಲ?” ಎಂದು ನಮ್ಮ ಮುಖವನ್ನೇ ನೋಡಿದಳು. ಆ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಇಂತಹ ಸಂದರ್ಭದಲ್ಲಿ ಯಾವುದು ನಮ್ಮ ಹೊಣೆ, ಎಷ್ಟು ನಮ್ಮ ಹೊಣೆ ಎಂಬುದನ್ನು ತಿಳಿಯಬೇಕಾಗುತ್ತದೆ. ಇಂದು ನಮ್ಮ ಅನೇಕ ಮನೆಗಳ ಮಕ್ಕಳು ಮದುವೆಗೆ, ಪ್ರವಾಸಕ್ಕೆ ಹೀಗೆಯೇ ಕಾರನ್ನು ಪಡೆಯುತ್ತಿರುವುದರಿಂದ ನಾವು ವಿಚಾರಿಸಿ ತಿಳಿದುದನ್ನು ಇಲ್ಲಿ ನಿವೇದಿಸುತ್ತೇವೆ.

ಒಬ್ಬನು ತನ್ನ ವಸ್ತುವನ್ನು ಒಂದು ಉದ್ದೇಶಕ್ಕಾಗಿ ಮತ್ತೊಬ್ಬನ ಕೈಗೆ ಒಪ್ಪಿಸಿ, ಆ ಉದ್ದೇಶ ಮುಗಿದ ಮೇಲೆ ಮರಳಿ ಪಡೆಯುವ ಒಡಂಬಡಿಕೆಯನ್ನು ಕಾನೂನಿನಲ್ಲಿ ಬೇಲ್‌ಮೆಂಟ್ ಎನ್ನುತ್ತಾರೆ. ಬಾಡಿಗೆಯ ಕಾರು ಇದೇ ವರ್ಗಕ್ಕೆ ಸೇರುತ್ತದೆ. ಇಂದಿಗೂ ಜಾರಿಯಲ್ಲಿರುವ 1872ರ ಭಾರತೀಯ ಕರಾರು ಅಧಿನಿಯಮದ 151ನೆಯ ಕಲಮಿನಂತೆ, ಸಾಮಾನ್ಯ ವಿವೇಕವುಳ್ಳ ಮನುಷ್ಯನು ಅಂತಹ ಸನ್ನಿವೇಶದಲ್ಲಿ ತನ್ನದೇ ವಸ್ತುವನ್ನು ಎಷ್ಟು ಜಾಗ್ರತೆಯಿಂದ ಕಾಯುವನೋ ಅಷ್ಟೇ ಜಾಗ್ರತೆಯನ್ನು ಪಡೆದವನು ವಹಿಸಬೇಕು. ಅಷ್ಟನ್ನು ವಹಿಸಿಯೂ ವಸ್ತುವು ಕೆಟ್ಟರೆ, ಬೇರೆ ವಿಶೇಷ ಒಪ್ಪಂದವಿಲ್ಲದಿದ್ದಲ್ಲಿ, ಅವನು ಹೊಣೆಗಾರನಲ್ಲವೆಂದು 152ನೆಯ ಕಲಮು ಹೇಳುತ್ತದೆ. ಆದರೆ ವಸ್ತುವು ತನ್ನ ವಶದಲ್ಲಿದ್ದುದರಿಂದ, ತಾನು ಜಾಗ್ರತೆ ವಹಿಸಿದ್ದೆನೆಂದು ತೋರಿಸುವ ಭಾರವು ಸಾಮಾನ್ಯವಾಗಿ ಪಡೆದವನ ಮೇಲೆಯೇ ಬೀಳುತ್ತದೆ.

ಈ ಅಳತೆಗೋಲನ್ನು ನಮಗೇ ಹಿಡಿದು ನೋಡಿದೆವು. ಇಕ್ಕಟ್ಟಿನ ಓಣಿಯಲ್ಲಿ ಹಿಂದಕ್ಕೆ ಸರಿಯುವಾಗ ಯಾರಾದರೊಬ್ಬರು ಕೆಳಗಿಳಿದು ನಿಂತು ಕೈ ತೋರಿಸುವುದು ಸಾಮಾನ್ಯ ವಿವೇಕ. ಕಾರು ನಮ್ಮದೇ ಆಗಿದ್ದರೆ ನಾವು ಇಳಿಯುತ್ತಿದ್ದೆವೋ ಏನೋ! ಬಿಸಿಲೆಂದು ಒಳಗೇ ಕುಳಿತಿದ್ದೆವು. ಆದುದರಿಂದ ಬಂಪರಿನ ಗೀರು ನಿಸ್ಸಂದೇಹವಾಗಿ ನಮ್ಮದು.

ಇಲ್ಲಿ ‘ವಿಶೇಷ ಒಪ್ಪಂದ’ ಎಂಬ ಮಾತನ್ನು ಓದುಗರು ಗಮನಿಸಬೇಕು. ಕಾರನ್ನು ಪಡೆಯುವಾಗ ನಾವು ಸಹಿ ಮಾಡುವ ಅಥವಾ ಮೊಬೈಲಿನಲ್ಲಿ ಒತ್ತಿ ಒಪ್ಪುವ ಷರತ್ತುಗಳೇ ಆ ಒಪ್ಪಂದ. ರಾತ್ರಿ ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿದ ಕಾರಿಗೆ ಯಾರೋ ಗೀರಿ ಹೋದರೂ ಬಾಡಿಗೆದಾರನೇ ತೆರಬೇಕೆಂದು ಅದರಲ್ಲಿ ಬರೆದಿರುವುದುಂಟು. ಮತ್ತೆ ಕೆಲವು ಸಂಸ್ಥೆಗಳು ಹೆಚ್ಚಿನ ಹಣ ಪಡೆದು, ಒಂದು ಮಿತಿಗಿಂತ ಮೇಲ್ಪಟ್ಟ ಹಾನಿಯನ್ನು ತಾವು ಕೇಳುವುದಿಲ್ಲವೆಂದು ವಾಗ್ದಾನ ಮಾಡುತ್ತವೆ. ಆ ಮಿತಿಯೊಳಗಿನ ಹಾನಿ ನಮ್ಮದಾಗಿಯೇ ಉಳಿಯುತ್ತದೆ. ಸಣ್ಣ ಗೀರುಗಳೆಲ್ಲ ಬಹುಮಟ್ಟಿಗೆ ಆ ಮಿತಿಯೊಳಗೇ ಬರುತ್ತವೆ.

ಕೊಟ್ಟವನಿಗೂ ಹೊಣೆಯಿದೆ. ಬಾಡಿಗೆಗೆ ಕೊಟ್ಟ ವಸ್ತುವಿನಲ್ಲಿದ್ದ ದೋಷದಿಂದ ಪಡೆದವನಿಗೆ ಹಾನಿಯಾದರೆ, ಆ ದೋಷವು ಕೊಟ್ಟವನಿಗೆ ತಿಳಿದಿರಲಿ ತಿಳಿಯದಿರಲಿ, ಅವನೇ ಉತ್ತರವಾದಿ ಎಂಬುದು 150ನೆಯ ಕಲಮಿನ ತಾತ್ಪರ್ಯ. ಸವೆದ ಟೈರು, ಸರಿಯಾಗಿ ಹಿಡಿಯದ ಬ್ರೇಕು ಮುಂತಾದವನ್ನು ಅವನು ನಮ್ಮ ತಲೆಗೆ ಕಟ್ಟುವಂತಿಲ್ಲ.

ಅದೇ ಅಧಿನಿಯಮದ 154ನೆಯ ಕಲಮಿಗೆ ಕೊಟ್ಟಿರುವ ನಿದರ್ಶನಗಳು ಸ್ವಾರಸ್ಯವಾಗಿವೆ. ಒಬ್ಬನು ತಾನೇ ಸವಾರಿ ಮಾಡುವೆನೆಂದು ಪಡೆದ ಕುದುರೆಯ ಮೇಲೆ ತನ್ನ ಮನೆಯವನೊಬ್ಬನನ್ನು ಕೂರಿಸುತ್ತಾನೆ. ಮತ್ತೊಬ್ಬನು ಕಾಶಿಗೆ ಹೋಗುವೆನೆಂದು ಕಲಕತ್ತೆಯಲ್ಲಿ ಕುದುರೆಯನ್ನು ಬಾಡಿಗೆಗೆ ಹಿಡಿದು ಕಟಕದ ದಾರಿ ಹಿಡಿಯುತ್ತಾನೆ. ಇಬ್ಬರ ಕುದುರೆಗಳೂ ಅಕಸ್ಮಾತ್ತಾಗಿ ಬಿದ್ದು ಗಾಯಗೊಳ್ಳುತ್ತವೆ. ಸವಾರಿಯಲ್ಲಿ ಎಷ್ಟೇ ಎಚ್ಚರವಿದ್ದರೂ ಇಬ್ಬರೂ ಹೊಣೆಗಾರರು. ಏಕೆಂದರೆ ಮಾತು ಕೊಟ್ಟದ್ದು ಒಂದು, ನಡೆದದ್ದು ಇನ್ನೊಂದು. ಕುದುರೆಯ ಸ್ಥಾನದಲ್ಲಿ ಕಾರನ್ನಿರಿಸಿಕೊಂಡರೆ ಅರ್ಥ ಸ್ಪಷ್ಟ. ಒಪ್ಪಂದದಲ್ಲಿ ಹೆಸರಿಲ್ಲದ ಭಾವಮೈದುನನ ಕೈಗೆ ಚುಕ್ಕಾಣಿಯನ್ನು ಕೊಡುವುದು, ಅನುಮತಿಯಿಲ್ಲದ ರಾಜ್ಯಕ್ಕೆ ಕಾರನ್ನು ಒಯ್ಯುವುದು, ಎಚ್ಚರವೆಂಬ ನಮ್ಮ ಏಕೈಕ ರಕ್ಷಣೆಯನ್ನು ನಾವೇ ಕಳಚಿಟ್ಟಂತೆ. ನಮ್ಮ ತಪ್ಪಿನಿಂದ ತಡವಾಗಿ ಮರಳಿಸಿದರೆ, ಆ ತಡವಾದ ಹೊತ್ತಿನಲ್ಲಿ ಆದ ಹಾನಿಯೂ ನಮ್ಮದೇ ಎಂದು 161ನೆಯ ಕಲಮು ಹೇಳುತ್ತದೆ.

“ಕಾರಿಗೆ ವಿಮೆ ಇರುವುದಿಲ್ಲವೇ?” ಎಂದು ಓದುಗರು ಕೇಳಬಹುದು, ನಾವೂ ಕೇಳಿದ್ದೆವು. ಕಡ್ಡಾಯವಾದ ವಿಮೆಯು ಮೂರನೆಯವರಿಗೆ ಆಗುವ ಹಾನಿಗೆ ಮಾತ್ರ. ಕಾರಿನ ಸ್ವಂತ ಹಾನಿಯದು ಬೇರೆ. ಅದನ್ನು ಮಾಡಿಸಿದ್ದರೂ ಪ್ರತಿ ಕ್ಲೇಮಿನಲ್ಲಿ ಒಂದಿಷ್ಟು ಮೊತ್ತವನ್ನು ಮಾಲೀಕನೇ ಭರಿಸಬೇಕು. ಪ್ಲಾಸ್ಟಿಕ್ ಭಾಗವನ್ನು ಬದಲಿಸಿದಾಗ ಸವಕಳಿಯೆಂದು ಸಾಮಾನ್ಯ ಪಾಲಿಸಿಯಲ್ಲಿ ಶೇಕಡಾ 50ರಷ್ಟನ್ನು ಕಳೆಯುತ್ತಾರೆ. ಬಂಪರು ಬಹುತೇಕ ಪ್ಲಾಸ್ಟಿಕ್ಕೇ. ಇದಲ್ಲದೆ ಕ್ಲೇಮು ಮಾಡದ ಮಾಲೀಕನಿಗೆ ಮೊದಲ ವರ್ಷ ಶೇ. 20ರಿಂದ ಆರಂಭವಾಗಿ ಕ್ರಮೇಣ ಶೇ. 50ರವರೆಗೆ ದೊರೆಯುವ ರಿಯಾಯಿತಿಯು ಒಂದು ಸಣ್ಣ ಕ್ಲೇಮಿನಿಂದ ತಪ್ಪಿಹೋಗುತ್ತದೆ. ಆದಕಾರಣ ಚಿಕ್ಕ ಹಾನಿಗಳು ವಿಮೆಯವರ ಬಾಗಿಲಿಗೆ ಹೋಗದೆ ಬಾಡಿಗೆದಾರನ ಠೇವಣಿಯ ಬಳಿಗೇ ಬರುತ್ತವೆ.

ಇನ್ನೊಂದು ಎಚ್ಚರಿಕೆ. ಚಾಲಕನಿಲ್ಲದೆ ಬಾಡಿಗೆಗೆ ಕೊಡುವ ಅಧಿಕೃತ ಕಾರಿನ ಸಂಖ್ಯಾಫಲಕವು ಕಪ್ಪಾಗಿದ್ದು ಅಕ್ಷರಗಳು ಹಳದಿಯಾಗಿರುತ್ತವೆ. ಬಿಳಿಯ ಫಲಕದ ಸ್ವಂತ ಬಳಕೆಯ ಕಾರನ್ನು ಪರಿಚಯದವರಿಂದ ಬಾಡಿಗೆಗೆ ಪಡೆದರೆ, ಬಾಡಿಗೆಯ ಬಳಕೆಯನ್ನು ಅದರ ಪಾಲಿಸಿಯು ಸಾಮಾನ್ಯವಾಗಿ ಒಳಗೊಳ್ಳದ ಕಾರಣ, ದೊಡ್ಡ ಅಪಘಾತದಲ್ಲಿ ವಿಮೆಯ ನೆರವು ತಪ್ಪುವ ಭಯವಿದೆ.

ಇನ್ನು ಮೊತ್ತದ ವಿಚಾರ. ಒಪ್ಪಂದದಲ್ಲಿ ಇಷ್ಟು ದಂಡವೆಂದು ಬರೆದಿದ್ದರೂ, ಆ ಮೊತ್ತವನ್ನು ಮೀರದ ನ್ಯಾಯೋಚಿತ ಪರಿಹಾರವಷ್ಟೇ ಸಲ್ಲತಕ್ಕದ್ದೆಂದು 1872ರ ಅಧಿನಿಯಮದ 74ನೆಯ ಕಲಮು ವಿಧಿಸಿದೆ. ನಷ್ಟವೇ ಆಗದಿದ್ದರೆ ಈ ಕಲಮಿನ ಪರಿಹಾರವೂ ಇಲ್ಲವೆಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ, ಕೈಲಾಸ್ ನಾಥ್ ಅಸೋಸಿಯೇಟ್ಸ್ ಮತ್ತು ದೆಹಲಿ ಅಭಿವೃದ್ಧಿ ಪ್ರಾಧಿಕಾರಗಳ ನಡುವಣ ಪ್ರಕರಣದಲ್ಲಿ ಎತ್ತಿಹಿಡಿಯಿತು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವಂತೂ ವಿಪರೀತವಾದ ಠೇವಣಿಯನ್ನು ಕೇಳುವ, ಆದ ನಷ್ಟಕ್ಕೆ ಸ್ವಲ್ಪವೂ ಹೊಂದದ ದಂಡವನ್ನು ಹೇರುವ ಕರಾರುಗಳನ್ನು ಅನ್ಯಾಯದ ಕರಾರುಗಳ ಸಾಲಿಗೆ ಸೇರಿಸಿದೆ. ಆದುದರಿಂದ ದುರಸ್ತಿಯ ಬಿಲ್ಲನ್ನು ಕೇಳುವುದು ಜಿಪುಣತನವಲ್ಲ, ಗ್ರಾಹಕನ ನ್ಯಾಯವಾದ ಬೇಡಿಕೆ.

ಇವೆಲ್ಲವನ್ನೂ ತಿಳಿದ ಮೇಲೆ ನಮಗೆ ನೆನಪಾದದ್ದು ನಾವು ಓದಿದ ಮಠದ ಉಗ್ರಾಣ. ಸುತ್ತಣ ಹಳ್ಳಿಗಳ ಮದುವೆಗಳಿಗೆ ಮಠದ ಕೊಪ್ಪರಿಗೆ, ಹಂಡೆ, ಜಮಖಾನಗಳನ್ನು ಒಯ್ಯುವ ರೂಢಿಯಿತ್ತು. ಉಗ್ರಾಣದ ಹಿರಿಯರು ಪಾತ್ರೆಯನ್ನು ಹಾಗೆಯೇ ಎತ್ತಿ ಕೊಡುತ್ತಿರಲಿಲ್ಲ. ಬೆಳಕಿಗೆ ತಂದು, ತಿರುಗಿಸಿ ನೋಡಿ, ಪುಸ್ತಕದಲ್ಲಿ “ಕೊಪ್ಪರಿಗೆ ಒಂದು, ಬಾಯಂಚು ನೆಗ್ಗಿದ್ದು, ಹಂಡೆ ಎರಡು, ಒಂದಕ್ಕೆ ಬೆಸುಗೆ” ಎಂದು ಒಯ್ಯುವವನ ಎದುರಿಗೇ ನಮ್ಮಿಂದ ಬರೆಸುತ್ತಿದ್ದರು. ಭಕ್ತರ ಮೇಲೆ ಇಷ್ಟು ಅಪನಂಬಿಕೆಯೇ ಎಂದು ಒಮ್ಮೆ ಬಾಲಬುದ್ಧಿಯಿಂದ ಕೇಳಿದ್ದೆವು. “ತಮ್ಮಾ, ಇದು ಅವನನ್ನು ಕಾಯುವ ಬರಹ. ಹಳೆಯ ನೆಗ್ಗನ್ನು ನಾಳೆ ಯಾರೂ ಅವನ ತಲೆಗೆ ಕಟ್ಟಬಾರದು, ಹೊಸ ನೆಗ್ಗನ್ನು ಅವನೂ ಹಳೆಯದೆನ್ನಬಾರದು” ಎಂದಿದ್ದರು. ಐವತ್ತು ವರ್ಷಗಳ ಬಳಿಕ ಆ ಮಾತಿನ ಪೂರ್ಣಾರ್ಥ ನಮಗಾಯಿತು.

ನಮ್ಮ ತಂಗಿಯ ಮಗನಾದರೋ ಉಗ್ರಾಣದ ಪುಸ್ತಕವನ್ನು ಕಾಣದವನು. ಆದರೂ ಅದನ್ನೇ ಮಾಡಿದ್ದನು. ಕಾರನ್ನು ಪಡೆದ ದಿನವೇ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು ವಿಡಿಯೋ ತೆಗೆದು, ಆಗಲೇ ಸಂಸ್ಥೆಗೂ ಕಳುಹಿಸಿದ್ದನು. ಎಡ ಬಾಗಿಲಿನ ನೆಗ್ಗೂ ಚಕ್ರದ ಮುಚ್ಚಳದ ಒಡಕೂ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದವು. ಅದನ್ನು ತೋರಿಸಿ, “ಈ ಎರಡು ನಮ್ಮವಲ್ಲ. ಬಂಪರಿನದು ನಮ್ಮದು, ನಾನೇ ತಿಳಿಸಿದ್ದೇನೆ. ಬಣ್ಣ ಹಾಕಿಸಿದ ಬಿಲ್ಲನ್ನು ಕೊಡಿ, ಅಷ್ಟನ್ನೂ ತೆರುತ್ತೇನೆ” ಎಂದನು. ಒಂಬತ್ತು ದಿನ, ನಾಲ್ಕಾರು ಪತ್ರಗಳು. ಕೊನೆಗೆ 3,800 ರೂಪಾಯಿಯ ಬಿಲ್ಲು ಬಂದಿತು. ಉಳಿದ ಠೇವಣಿ ಮರಳಿತು. ನಮ್ಮ ಮಾತಿನಂತೆ ಬಂಪರಿನ ಗೀರನ್ನು ಮುಚ್ಚಿಟ್ಟಿದ್ದು, ಅದು ಬಯಲಾಗಿದ್ದರೆ ಬಾಗಿಲಿನ ವಿಚಾರದಲ್ಲಿ ಆಡಿದ ನಿಜವನ್ನು ಯಾರು ನಂಬುತ್ತಿದ್ದರು?

ಓದುಗರ ಮನೆಯ ಮಕ್ಕಳು ಕಾರನ್ನು ಪಡೆಯುವಾಗ ಇಷ್ಟನ್ನು ಪಾಲಿಸಲಿ. ಹಗಲಿನ ಬೆಳಕಿನಲ್ಲಿ ಕಾರನ್ನು ಪಡೆಯಲಿ. ನಾಲ್ಕು ಮಗ್ಗುಲು, ಚಾವಣಿ, ಗಾಜು, ಚಕ್ರ, ಒಳಗಿನ ಆಸನಗಳ ಚಿತ್ರ ತೆಗೆದು ಆ ಕ್ಷಣವೇ ಸಂಸ್ಥೆಗೆ ಕಳುಹಿಸಲಿ. ಹಾನಿಯ ಮಿತಿ ಎಷ್ಟು, ಯಾರು ಯಾರು ಚಾಲನೆ ಮಾಡಬಹುದು ಎಂಬುದನ್ನು ಓದಿಯೇ ಸಹಿ ಮಾಡಲಿ. ಹಾನಿಯಾದರೆ ತಡಮಾಡದೆ ತಿಳಿಸಲಿ. ಸಂಸ್ಥೆಯನ್ನು ಕೇಳದೆ ಬೀದಿಯ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸದಿರಲಿ. ಒಪ್ಪಿಸುವಾಗಲೂ ಮತ್ತೆ ಚಿತ್ರ ತೆಗೆದು, ಒಪ್ಪಿಸಿದ ಗುರುತಿಗೆ ಬರಹವನ್ನು ಪಡೆಯಲಿ. ಅನ್ಯಾಯವಾಗಿ ಹಣ ಮುರಿದುಕೊಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಬಹುದು. ಸೇವಾಲೋಪವೆಂದು 2 ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕರಾರೇ ಅನ್ಯಾಯದ್ದೆಂಬ ದೂರನ್ನು ಮಾತ್ರ ರಾಜ್ಯ ಆಯೋಗದಲ್ಲಿ ಸಲ್ಲಿಸಬೇಕಾಗುತ್ತದೆ.

ತಂಗಿಯ ಪ್ರಶ್ನೆಗೆ ಈಗ ನಮ್ಮ ಉತ್ತರವಿದು: ನಮ್ಮ ಗೀರಿಗೆ ಪೂರ್ತಿಯಾಗಿ ತೆರಬೇಕು, ನಮ್ಮದಲ್ಲದ ಗೀರಿಗೆ ಒಂದು ಕಾಸನ್ನೂ ತೆರಬೇಕಾಗಿಲ್ಲ. ಈ ಎರಡರಲ್ಲಿ ಮೊದಲನೆಯದನ್ನು ನಡೆಸಿದವನಿಗೇ ಎರಡನೆಯದನ್ನು ಗಟ್ಟಿಯಾಗಿ ಹೇಳುವ ಬಾಯಿ ಇರುತ್ತದೆ. ಆ ಓಣಿಯಲ್ಲಿ ನಾವು ಇಳಿದು ನಿಲ್ಲಲಿಲ್ಲ, ಮುಚ್ಚಿಡೆಂದೂ ಹೇಳಿದೆವು. 3,800 ರೂಪಾಯಿಯಲ್ಲಿ ಅರ್ಧವನ್ನು ನಾವು ಕೊಡಹೋದಾಗ ಹುಡುಗನು ನಗುತ್ತ ಬೇಡವೆಂದನು. ನಾವು ಒತ್ತಾಯಿಸಿ ಅವನ ಕೈಯಲ್ಲಿಟ್ಟೆವು.