ಹೆಸರಿನ ಹಿಂದೆ: ಯೂಸುಫ್

ಸಂತೇಬೆನ್ನೂರಿನ ಪುಷ್ಕರಣಿ ನೋಡಲು ಪ್ರವಾಸ ಬರುವ ಶಾಲಾ ಮಕ್ಕಳು ಅದರ ಬಳಿಯಿರುವ ಮುಸಾಫಿರ್‌ಖಾನೆಯನ್ನೂ ನೋಡಿ ಹೋಗುತ್ತಾರೆ. ಅದನ್ನು ಕಟ್ಟಿಸಿದವನು ಬಿಜಾಪುರದ ಸೇನಾನಿ ರಣದುಲ್ಲಾ ಖಾನ್ ಎನ್ನುತ್ತಾರೆ. ಅವನು ಸೇವೆಯಲ್ಲಿದ್ದ ಆದಿಲ್‌ಶಾಹಿ ರಾಜ್ಯವನ್ನು 1490ರಲ್ಲಿ ಸ್ಥಾಪಿಸಿದ ದೊರೆ ಯೂಸುಫ್. ಪರೀಕ್ಷೆಗಾಗಿ ಈ ಹೆಸರನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಗಳಲ್ಲಿ ಅದರ ಮೂಲ ಹೀಬ್ರೂ ಎಂದು ಬಲ್ಲವರು ಕಡಿಮೆ.

ಹೀಬ್ರೂವಿನ ‘ಯೋಸೆಫ್’ ಅರಬ್ಬಿಯಲ್ಲಿ ಯೂಸುಫ್ ಆಯಿತು. ಗ್ರೀಕ್, ಲ್ಯಾಟಿನ್‌ಗಳನ್ನು ಹಾದು ಇಂಗ್ಲಿಷಿಗೆ ಬರುವಾಗ ‘ಯ’ಕಾರ ‘ಜ’ಕಾರವಾಗಿ ಜೋಸೆಫ್ ಆಯಿತು. ಕನ್ನಡ ಬೈಬಲ್ಲಿನಲ್ಲಿ ಯೋಸೇಫ. ಒಂದೇ ತರಗತಿಯ ಹಾಜರಿ ಪುಸ್ತಕದಲ್ಲಿ ಯೂಸುಫನೂ ಜೋಸೆಫನೂ ಇದ್ದರೆ ಮೇಷ್ಟ್ರು ಕೂಗುವುದು ಒಂದೇ ಹೆಸರನ್ನು, ಎರಡು ಸಲ!

ಅರ್ಥ? ‘ಇನ್ನೂ ಕೂಡಿಸಲಿ’ ಎಂದು. ಬೈಬಲ್ಲಿನ ಆದಿಕಾಂಡದಲ್ಲಿ ಯಾಕೋಬನ ಹೆಂಡತಿ ರಾಹೇಲಳಿಗೆ ಬಹುಕಾಲ ಮಕ್ಕಳಿರಲಿಲ್ಲ. ಅವಳ ಅಕ್ಕ ಲೇಯಳೇ ಸವತಿ; ಅವಳಿಗೋ ಮನೆ ತುಂಬ ಮಕ್ಕಳು. ಕೊನೆಗೆ ಗಂಡುಮಗು ಹುಟ್ಟಿದಾಗ, ದೇವರು ತನ್ನ ಅವಮಾನವನ್ನು ಕಳೆದನೆಂದು ರಾಹೇಲಳು ಹಿಗ್ಗುತ್ತಾಳೆ. ಇನ್ನೊಬ್ಬ ಮಗನನ್ನು ಕೂಡಿಸಲಿ ಎಂದೂ ಬೇಡುತ್ತಾಳೆ. ಹೀಬ್ರೂವಿನಲ್ಲಿ ‘ಆಸಫ್’ ಎಂದರೆ ಕಳೆದ, ‘ಯೋಸೆಫ್’ ಎಂದರೆ ಕೂಡಿಸಲಿ. ಕೂಡುವುದೂ ಕಳೆಯುವುದೂ ಒಂದೇ ಹೆಸರಿನ ಸುತ್ತ ಕುಳಿತಿವೆ. ಕುರಾನಿನಲ್ಲೂ ಇದೇ ಯೂಸುಫನ ಕಥೆಗೆ ಮೀಸಲಾದ ಅಧ್ಯಾಯವಿದೆ, 12ನೆಯದು.

ಹೆತ್ತವರ ಮನಸ್ಸಿನಲ್ಲಿರುವುದನ್ನು ಮಗುವಿನ ಹೆಸರಿಗೆ ಕಟ್ಟುವುದು ನಮ್ಮಲ್ಲೂ ಉಂಟು. ಸಾಲಾಗಿ ಹೆಣ್ಣು ಹುಟ್ಟಿದ ಮನೆಯಲ್ಲಿ ಮತ್ತೊಂದು ಹೆಣ್ಣಾದರೆ ‘ಸಾಕಮ್ಮ’ ಎಂದು ಕರೆದದ್ದುಂಟು. ಯೋಸೇಫನ ಹೆಸರು ‘ಇನ್ನೂ ಬೇಕು’ ಎಂದರೆ ಇದು ‘ಇನ್ನು ಸಾಕು’ ಎನ್ನುತ್ತದೆ. ದೊಡ್ಡವರು ಬೇಸರದಲ್ಲಿ ಆಡಿದ ಮಾತಿಗೆ ಶಾಲೆಯಲ್ಲಿ ಎದ್ದುನಿಂತು ‘ಬಂದಿದ್ದೇನೆ ಸಾರ್’ ಎನ್ನಬೇಕಾದವಳು ಮಾತ್ರ ಆ ಹುಡುಗಿ.

ರಾಹೇಲಳ ಬೇಡಿಕೆ ಈಡೇರಿತು. ಆದರೆ ಎರಡನೆಯ ಮಗನನ್ನು ಹೆರುವಾಗಲೇ ಆಕೆ ತೀರಿಕೊಂಡಳು. ಸಾಯುವ ಮುನ್ನ ಮಗುವನ್ನು ‘ಬೆನೋನಿ’ ಎಂದು ಕರೆದಳು: ‘ನನ್ನ ದುಃಖದ ಮಗ’. ಯಾಕೋಬ ಆ ಹೆಸರನ್ನು ಉಳಿಯಗೊಡಲಿಲ್ಲ. ಹೆಂಡತಿಯ ಕೊನೆಯ ಮಾತಾದರೂ ಸರಿ, ಕೂಸು ಅದನ್ನು ಹೊತ್ತು ತಿರುಗುವುದು ಬೇಡವೆನಿಸಿತೋ ಏನೋ, ‘ಬೆನ್ಯಾಮೀನ’ ಎಂದು ಬದಲಾಯಿಸಿದ. ಹಾಗೆಂದರೆ ‘ಬಲಗೈಯ ಮಗ’.